ಮಗುವಿನ ಕಾಲು ಸೋತಾಗ ಮಲವನ್ನೇಕೆ ಪರೀಕ್ಷಿಸುತ್ತಾರೆ?

ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ಜ್ವರ ಬಂದುಹೋದ ಮಗುವಿನ ಕಾಲು ಒಮ್ಮೆಲೇ ಸೋತರೆ, ಲಕ್ವಾ ಹೊಡೆಯಿತೆಂದು ಎಣ್ಣೆ ತಿಕ್ಕಿಸಲು, ತಾಯತ ಕಟ್ಟಿಸಲು ಓಡುವವರು ಇಂದಿಗೂ ಇದ್ದಾರೆ. ಆ ಓಡಾಟದಲ್ಲಿ ಕಳೆದುಹೋಗುವ ದಿನಗಳೇ ನನಗೆ ಹೆಚ್ಚು ಕಳವಳ ತರುತ್ತವೆ, ಏಕೆಂದರೆ ಕಾರಣವನ್ನು ತೋರಿಸಬಲ್ಲ ಸಾಕ್ಷ್ಯ ಮಗುವಿನ ಮಲದಲ್ಲಿ ಕೆಲವೇ ವಾರ ಉಳಿಯುತ್ತದೆ.

ಹೀಗೆ ಕಾಲು ಸೋಲಿಸುವ ಪೋಲಿಯೊ ವೈರಾಣು ಬಾಯಿಯಿಂದ ಹೊಕ್ಕು ಗಂಟಲಿನಲ್ಲಿ, ಕರುಳಿನಲ್ಲಿ ಬೆಳೆದು ಮಲದೊಂದಿಗೆ ಹೊರಬೀಳುತ್ತದೆ. ಸೋಂಕು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಅದು ಬೆನ್ನುಹುರಿಗೆ ದಾಟಿ, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಮೋಟಾರು ಸರಿಯಿದ್ದರೂ ಕಂಬದಿಂದ ಕರೆಂಟು ಬಾರದಿದ್ದರೆ ಹೊಲದ ಪಂಪ್‌ಸೆಟ್ಟು ಹೇಗೆ ನೀರೆತ್ತದೋ, ಹಾಗೆಯೇ ಆಜ್ಞೆ ತಲುಪದ ಸ್ನಾಯು ಮೊದಲು ಜೋತುಬೀಳುತ್ತದೆ, ಬಳಿಕ ಸೊರಗುತ್ತದೆ. ಎಣ್ಣೆ ಎಷ್ಟು ತಿಕ್ಕಿದರೂ ಸತ್ತ ನರಕೋಶ ಮರಳಿ ಬಾರದು. ಸ್ಪರ್ಶವನ್ನು ಒಯ್ಯುವ ನರಗಳು ಬೇರೆಯಾದ್ದರಿಂದ, ಅಂಗಾಲು ಚಿವುಟಿದರೆ ಮಗು ನೋವಿನಿಂದ ಅಳುತ್ತದೆ, ಆದರೆ ಕಾಲನ್ನು ಎಳೆದುಕೊಳ್ಳಲಾರದು. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರೇ 1908ರಲ್ಲಿ ವಿಯೆನ್ನಾದಲ್ಲಿ ಎರ್ವಿನ್ ಪಾಪ್ಪರ್ ಜೊತೆಗೂಡಿ, ಮೃತ ಮಗುವಿನ ಬೆನ್ನುಹುರಿಯ ಅಂಶವನ್ನು ಮಂಗಗಳಿಗೆ ಚುಚ್ಚಿ, ಈ ರೋಗ ಸೋಂಕಿನಿಂದ ಹರಡುವುದನ್ನು ತೋರಿಸಿದರು.

ಭಾರತದಲ್ಲಿ ನೈಸರ್ಗಿಕ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹಾವಡಾದಲ್ಲಿ. ಆದರೂ ಪಾರ್ಶ್ವವಾಯುವಿನ ಮಕ್ಕಳು ಸಿಗುತ್ತಲೇ ಇರುತ್ತಾರೆ. ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ತರುವ ಎಂಟರೊವೈರಸ್ ಎ71 ಕೆಲವೊಮ್ಮೆ ಇದೇ ನರಕೋಶಗಳಿಗೆ ಎರಗುತ್ತದೆ. ಅಮೆರಿಕದಲ್ಲಿ 2014ರಿಂದ ಗಮನ ಸೆಳೆದ, ಅದೇ ಗುಂಪಿನ ಡಿ68 ವೈರಾಣುವಿನ ಸೋಂಕು ನೆಗಡಿಯಂತೆ ಶುರುವಾಗುತ್ತದೆ. ಅದು ಮಲಕ್ಕಿಂತ ಮೂಗು, ಗಂಟಲಿನ ದ್ರವದಲ್ಲಿ ಸಿಗುವ ಸಂಭವವೇ ಹೆಚ್ಚು. ಸೊಳ್ಳೆಯಿಂದ ಹರಡುವ ಮಿದುಳಿನ ಉರಿಯೂತವಾದ ಜಪಾನೀಸ್ ಎನ್ಸೆಫಲೈಟಿಸ್ ಕೂಡ ಅಪರೂಪಕ್ಕೆ ಹೀಗೆ ಮಾಡುತ್ತದೆ. ಗಿಯಾನ್ ಬಾರೆ ರೋಗದಲ್ಲಾದರೋ ಸೋಂಕಿನ ನಂತರ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ತಿರುಗಿ ಬೀಳುತ್ತದೆ. ನಿಶ್ಶಕ್ತಿ ಸಾಮಾನ್ಯವಾಗಿ ಎರಡೂ ಕಾಲುಗಳಿಂದ ಮೇಲೇರಿ, ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಹುದು. ಅಂಥ ಮಗುವಿಗೆ ಆಸ್ಪತ್ರೆ ಒಂದು ದಿನವೂ ತಡವಾಗಬಾರದು.

ಹೊರನೋಟಕ್ಕೆ ಇವೆಲ್ಲ ಒಂದೇ ತೆರನಾಗಿ ಕಾಣಬಹುದು. ಅದಕ್ಕೆಂದೇ 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹೀಗೆ ಹಠಾತ್ತನೆ ಸೋತರೂ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆ. ಕಾಲು ಸೋತ 14 ದಿನಗಳೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ, ಎರಡು ಬಾರಿ ಮಲದ ಮಾದರಿ ಪಡೆದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಬೆಳಗಾವಿಯ ಕಬ್ಬಿನ ಹಂಗಾಮಿನಲ್ಲಿ ಗುಡಿಸಲು ಹಾಕಿಕೊಂಡು ಊರಿಂದೂರಿಗೆ ಸಾಗುವ ಕುಟುಂಬಗಳ ಮಕ್ಕಳನ್ನು ಈ ಅವಧಿಯೊಳಗೆ ತಲುಪುವುದು ಕಷ್ಟ. ಗುಡಿಸಲಿಗೆ ಬರುವ ಆಶಾ ಕಾರ್ಯಕರ್ತೆಗೆ ಆ ದಿನವೇ ವಿಷಯ ಹೇಳಿದರೆ ಮಾದರಿ ಕೈತಪ್ಪುವುದಿಲ್ಲ.