ಹಳೆಯ ರಿಫಾರ್ಮರ್‌ಗೆ ಹೊಸ ಕ್ಯಾಟಲಿಸ್ಟ್ ತುಂಬಿದರೆ ಸಾಲದೇ?

ಪ್ರಶ್ನೆ: ನನ್ನ ತಮ್ಮ ರಿಫೈನರಿಯೊಂದರಲ್ಲಿ ಆಪರೇಟರ್. ಅಲ್ಲಿನ ಹಳೆಯ ಕ್ಯಾಟಲಿಟಿಕ್ ರಿಫಾರ್ಮರ್ ಯೂನಿಟ್ಟನ್ನು ರಿವ್ಯಾಂಪ್ (ನವೀಕರಣ) ಮಾಡಲು ದೊಡ್ಡ ಮೊತ್ತ ಎತ್ತಿಟ್ಟಿದ್ದಾರಂತೆ. ಒಳಗಿನ ಕ್ಯಾಟಲಿಸ್ಟ್ ಒಂದನ್ನು ಬದಲಿಸಿದರೆ ಸಾಕಲ್ಲವೇ? ಹೀಟರ್, ಕಂಪ್ರೆಸರ್, ಎಕ್ಸ್‌ಚೇಂಜರ್‌ಗಳಿಗೆಲ್ಲ ಯಾಕೆ ಕೈ ಹಾಕಬೇಕು?
— ಓದುಗರೊಬ್ಬರು, ಮಾಲೂರು, ಕೋಲಾರ ಜಿಲ್ಲೆ

ಉತ್ತರ: ಕೆಲವೊಮ್ಮೆ ಸಾಕು. ಕ್ಯಾಟಲಿಸ್ಟ್ ಎಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಆದರೆ ಹೊಸ ಕ್ಯಾಟಲಿಸ್ಟ್‌ಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಗಬೇಕಾದರೆ ಯೂನಿಟ್ಟಿನ ಒತ್ತಡ ಇಳಿಸಬೇಕು. ಒತ್ತಡ ಇಳಿಸಲು ಹೊರಟರೆ ಉಳಿದ ಯಂತ್ರಗಳು ಒಂದೊಂದಾಗಿ ತಕರಾರು ತೆಗೆಯುತ್ತವೆ. ರಿವ್ಯಾಂಪ್ ಬಿಲ್ಲು ಬೆಳೆಯುವುದು ಹೀಗೆ.

ನಿಮ್ಮೂರಿನಿಂದ ದೂರವಿಲ್ಲದ ದೇವನಗೊಂದಿ ಡಿಪೋದ ಟ್ಯಾಂಕರ್‌ಗಳನ್ನು ನೀವು ನೋಡಿಯೇ ಇರುತ್ತೀರಿ. ಮಂಗಳೂರಿನಿಂದ ಹಾಸನದ ಮೇಲೆ 362 ಕಿ.ಮೀ. ಪೈಪ್‌ಲೈನಿನಲ್ಲಿ ಹರಿದು ಬರುವ ಪೆಟ್ರೋಲ್ ಅಲ್ಲಿಗೆ ಬಂದು ಸೇರುತ್ತದೆ. ಆ ಪೆಟ್ರೋಲಿನ ಆಕ್ಟೇನ್ (ಎಂಜಿನ್ನಿನಲ್ಲಿ ನಾಕಿಂಗ್ ತಡೆಯುವ ಗುಣದ ಅಳತೆ) ಹಿಂದೆ ರಿಫಾರ್ಮರ್‌ನ ದುಡಿಮೆ ಇದೆ. ಕಚ್ಚಾ ತೈಲದಿಂದ ನೇರವಾಗಿ ಸಿಗುವ ಭಾರದ ನಾಫ್ತಾದ (ಪೆಟ್ರೋಲಿನಂಥ ದ್ರವ) ಆಕ್ಟೇನ್ ಸಾಮಾನ್ಯವಾಗಿ 40ರಿಂದ 60. ಎಂಜಿನ್ನಿಗೆ ಹಾಕಿದರೆ ಟಕಟಕ ಎಂದು ನಾಕಿಂಗ್ ಮಾಡುತ್ತದೆ. ಅದನ್ನು ಸುಮಾರು 500 ಡಿಗ್ರಿಯಲ್ಲಿ, ಹೈಡ್ರೋಜನ್ ಜೊತೆಗೆ, ಪ್ಲಾಟಿನಂ ಲೇಪಿಸಿದ ಅಲ್ಯೂಮಿನಾದ ಮೇಲೆ ಹಾಯಿಸಿದರೆ ಅಣುಗಳು ಬೆಂಜೀನ್‌ನಂಥ ಆರೋಮ್ಯಾಟಿಕ್ ಉಂಗುರಗಳಾಗಿ ಬದಲಾಗುತ್ತವೆ, ಆಕ್ಟೇನ್ 95 ದಾಟುತ್ತದೆ. ಈ ಪ್ಲಾಟಿನಂ ವಿಧಾನ ಅಮೆರಿಕದಲ್ಲಿ ವಾಣಿಜ್ಯ ಮಟ್ಟಕ್ಕೆ ಬಂದದ್ದು 1949ರಲ್ಲಿ. ಅದರ ಹಿಂದಿದ್ದ ವಿಜ್ಞಾನಿ ವ್ಲಾದಿಮಿರ್ ಹೆನ್ಸೆಲ್.

ಈಗ ಒತ್ತಡದ ಮಾತು. ನಾಫ್ತಾದಲ್ಲಿರುವ ಮೀಥೈಲ್ ಸೈಕ್ಲೋಹೆಕ್ಸೇನಿನ ಒಂದು ಅಣು ಟಾಲುವೀನ್ ಎಂಬ ಆರೋಮ್ಯಾಟಿಕ್ ಆಗುವಾಗ ಮೂರು ಹೈಡ್ರೋಜನ್ ಅಣುಗಳನ್ನು ಬಿಟ್ಟುಕೊಡುತ್ತದೆ. ಒಂದು ಹೋಗಿ ನಾಲ್ಕಾಯಿತು. ಹೀಗೆ ಅಣುಗಳ ಸಂಖ್ಯೆ ಹೆಚ್ಚುವ ಕ್ರಿಯೆಗೆ ಒತ್ತಡ ಕಡಿಮೆ ಇದ್ದಷ್ಟೂ ಅನುಕೂಲ ಎಂಬುದು ಪಿಯುಸಿ ಕೆಮಿಸ್ಟ್ರಿ. ಹಾಗಿದ್ದೂ ಹಳೆಯ ಯೂನಿಟ್ಟುಗಳನ್ನು 25–30 ಬಾರ್ ಒತ್ತಡಕ್ಕೆ ಕಟ್ಟಿದ್ದು ದಡ್ಡತನದಿಂದಲ್ಲ. ಆ ಕಾಲದ ಬರೀ ಪ್ಲಾಟಿನಂ ಕ್ಯಾಟಲಿಸ್ಟ್ ಮೇಲೆ ಕೋಕ್, ಅಂದರೆ ಇಂಗಾಲದ ಕರಿ, ಬೇಗ ಕಟ್ಟಿಕೊಳ್ಳುತ್ತಿತ್ತು. ಹೈಡ್ರೋಜನ್ನನ್ನು ಒತ್ತಡದಲ್ಲಿ ಇಟ್ಟರೆ ಕೋಕ್ ಕಟ್ಟುವುದು ನಿಧಾನವಾಗುತ್ತದೆ. ಅದಕ್ಕೆ ಬೆಲೆಯೂ ತೆರಬೇಕು: ಪೆಟ್ರೋಲ್ ಆಗಬೇಕಾದ ಅಣುಗಳಲ್ಲಿ ಒಂದಷ್ಟು ಒಡೆದು ಎಲ್‌ಪಿಜಿ, ಫ್ಯೂಯೆಲ್ ಗ್ಯಾಸ್ ಆಗಿಬಿಡುತ್ತವೆ, ಹೈಡ್ರೋಜನ್ ಕೂಡ ಕಡಿಮೆ ಸಿಗುತ್ತದೆ.

1960ರ ದಶಕದ ಕೊನೆಗೆ ಪ್ಲಾಟಿನಂ ಜೊತೆ ರೇನಿಯಂ ಎಂಬ ಲೋಹ ಸೇರಿಸಿದ ಕ್ಯಾಟಲಿಸ್ಟ್ ಬಂತು. ಕೋಕ್ ಹಿಡಿದರೂ ಇದು ಬಹಳ ಕಾಲ ಕೆಲಸ ಮಾಡುತ್ತದೆ. ಹಳೆಯ ರಿಯಾಕ್ಟರಿಗೆ ಇದನ್ನು ತುಂಬಿ, ಹಳೆಯ ಒತ್ತಡದಲ್ಲೇ ಓಡಿಸಿದರೆ ಒಂದು ರಿಜನರೇಶನ್‌ನಿಂದ (ಕೋಕ್ ಸುಟ್ಟು ಕ್ಯಾಟಲಿಸ್ಟನ್ನು ಮತ್ತೆ ಚುರುಕುಗೊಳಿಸುವುದು) ಇನ್ನೊಂದಕ್ಕೆ ಸಿಗುವ ಓಟ ಉದ್ದವಾಗುತ್ತದೆ. ನಿಮ್ಮ ಪ್ರಶ್ನೆಯಲ್ಲಿರುವ ‘ಬರೀ ಕ್ಯಾಟಲಿಸ್ಟ್’ ದಾರಿ ಇದೇ. ಪದೇ ಪದೇ ಶಟ್‌ಡೌನ್ ಆಗುವುದೊಂದೇ ತೊಂದರೆಯಾಗಿದ್ದರೆ ಇಷ್ಟಕ್ಕೇ ನಿಲ್ಲಿಸಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು: ರೇನಿಯಂ ಇರುವ ಕ್ಯಾಟಲಿಸ್ಟ್‌ಗೆ ಗಂಧಕ ಆಗಿಬರುವುದಿಲ್ಲ. ನಾಫ್ತಾದಲ್ಲಿ ಗಂಧಕ ಅರ್ಧ ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಅರ್ಧ ಭಾಗ) ಕೆಳಗಿರಬೇಕು. ರಿಫಾರ್ಮರ್‌ಗಿಂತ ಮೊದಲೇ ಗಂಧಕ ತೆಗೆಯುವ ಹೈಡ್ರೋಟ್ರೀಟರ್ ಸೋಲುತ್ತಿದ್ದರೆ ಮೊದಲು ಅದನ್ನೇ ಸರಿಪಡಿಸಬೇಕು. ಸಾರಜನಕ ನುಸುಳಿದರೆ ಇನ್ನೊಂದು ಕಾಟ. ಅದು ಅಮೋನಿಯಾ ಆಗಿ, ಕ್ಯಾಟಲಿಸ್ಟ್‌ನಿಂದ ಬಿಡುವ ಕ್ಲೋರೈಡ್ ಜೊತೆ ಸೇರಿ, ತಣ್ಣನೆಯ ಭಾಗಗಳಲ್ಲಿ ಬಿಳಿ ಉಪ್ಪಾಗಿ ಕೂರುತ್ತದೆ. ಕೂಲರ್ ಬಿಚ್ಚಿ ಟ್ಯೂಬಿನ ಬಾಯಿ ಮುಚ್ಚಿರುವುದನ್ನು ನೋಡಿದವರಿಗೆ ಈ ಉಪ್ಪಿನ ಪರಿಚಯ ಚೆನ್ನಾಗಿ ಇರುತ್ತದೆ.

ಇಳುವರಿಯೂ ಹೆಚ್ಚಬೇಕು ಎಂದರೆ ಒತ್ತಡ ಇಳಿಸಲೇಬೇಕು. ಅಲ್ಲಿಂದ ಸರಪಳಿ ಶುರು. ಒತ್ತಡ ಅರ್ಧವಾದರೆ ಅಷ್ಟೇ ಗ್ಯಾಸು ಎರಡರಷ್ಟು ಜಾಗ ಕೇಳುತ್ತದೆ. ಹಳೆಯ ಪೈಪು, ಹೀಟರ್ ಟ್ಯೂಬು, ಸಾಲಾಗಿ ಜೋಡಿಸಿದ ಎಕ್ಸ್‌ಚೇಂಜರ್‌ಗಳಲ್ಲಿ (ಬಿಸಿ ಹರಿವಿನ ಶಾಖವನ್ನು ತಣ್ಣನೆಯದಕ್ಕೆ ದಾಟಿಸುವ ಸಾಧನ) ಅದು ತೂರಿಕೊಂಡು ಹೋಗುವಾಗ ಪ್ರೆಶರ್ ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋಗುವ ಒತ್ತಡ, ಏರುತ್ತದೆ; ಹೈಡ್ರೋಜನ್ ಗ್ಯಾಸನ್ನು ಸುತ್ತಿಸುವ ರಿಸೈಕಲ್ ಕಂಪ್ರೆಸರ್ ಏದುಸಿರು ಬಿಡುತ್ತದೆ. ಆದ್ದರಿಂದ ಅನುಭವಿಗಳು ಎಕ್ಸ್‌ಚೇಂಜರ್‌ಗೇ ಮೊದಲು ಕೈ ಹಾಕುತ್ತಾರೆ. ಹಳೆಯ ಶೆಲ್–ಟ್ಯೂಬ್ ಸಾಲನ್ನು ತೆಗೆದು, ವೆಲ್ಡ್ ಮಾಡಿದ ತೆಳು ತಗಡುಗಳ ಒಂದೇ ಒಂದು ನೆಟ್ಟಗೆ ನಿಲ್ಲುವ ಎಕ್ಸ್‌ಚೇಂಜರ್ ಕೂರಿಸುತ್ತಾರೆ. ಪ್ರೆಶರ್ ಡ್ರಾಪ್ ಇಳಿಯುತ್ತದೆ, ಹೊರಹೋಗುವ ಬಿಸಿ ಒಳಬರುವ ನಾಫ್ತಾಗೆ ಹೆಚ್ಚು ಸಿಗುತ್ತದೆ, ಹೀಟರ್‌ನ ಹೊರೆ ತಗ್ಗುತ್ತದೆ. ಈ ಒಂದು ಬದಲಾವಣೆಯಷ್ಟು ಲಾಭ ಕೊಡುವುದು ರಿವ್ಯಾಂಪ್‌ನಲ್ಲಿ ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಮೇಲಿಂದ ಕೆಳಗೆ ಹರಿಯುವ ರಿಯಾಕ್ಟರನ್ನು ಪಕ್ಕದಿಂದ ನಡುವಿಗೆ ಹರಿಯುವಂತೆ ಬದಲಿಸುವುದೂ ಇದೇ ಉದ್ದೇಶಕ್ಕೆ. ಲೆಕ್ಕದಲ್ಲಿ ಬಿಟ್ಟುಹೋಗುವುದು ಹೊರಗೆ ಕಳಿಸುವ ಹೈಡ್ರೋಜನ್. ಗ್ಯಾಸನ್ನೂ ದ್ರವವನ್ನೂ ಬೇರ್ಪಡಿಸುವ ಸೆಪರೇಟರ್‌ನ ಒತ್ತಡ ಇಳಿದ ಮೇಲೆ ಅದನ್ನು ಡೀಸೆಲಿನ ಗಂಧಕ ತೆಗೆಯುವ ಘಟಕಕ್ಕೆ ತಳ್ಳಲು ಬೇರೆಯೇ ಕಂಪ್ರೆಸರ್ ಬೇಕಾದೀತು.

ಹಾಗಾದರೆ ಎಲ್ಲವನ್ನೂ ಕಿತ್ತು ಸಿಸಿಆರ್ ಕಟ್ಟಬಾರದೇ? ಸಿಸಿಆರ್ ಎಂದರೆ ನಿಲ್ಲಿಸದೆ ರಿಜನರೇಟ್ ಆಗುವ ಘಟಕ. 1971ರಿಂದ ಬಳಕೆಯಲ್ಲಿದೆ, ಮಂಗಳೂರಿನ ರಿಫೈನರಿಯಲ್ಲೂ ಇದೆ. ಅದರ ಕ್ಯಾಟಲಿಸ್ಟ್ 1.6 ಮಿ.ಮೀ. ಗುಂಡು, ಹೆಚ್ಚುಕಡಿಮೆ ರಾಗಿ ಕಾಳಿನಷ್ಟು. ರಿಯಾಕ್ಟರ್‌ಗಳಲ್ಲಿ ಮೆಲ್ಲನೆ ಕೆಳಗಿಳಿದು, ಗ್ಯಾಸಿನ ಬಲದಿಂದ ರಿಜನರೇಟರಿನ ತಲೆಗೆ ಏರಿ, ಅಲ್ಲಿ ಕೋಕ್ ಸುಡಿಸಿಕೊಂಡು, ಕ್ಲೋರೈಡ್ ತುಂಬಿಸಿಕೊಂಡು ಮರಳುತ್ತದೆ. ಕೋಕ್‌ನ ಹೆದರಿಕೆ ಇಲ್ಲದ್ದರಿಂದ ಒತ್ತಡವನ್ನು 3–4 ಬಾರ್‌ಗೂ ಇಳಿಸಬಹುದು. ಪೂರ್ತಿ ಹೊಸದು ಕೈಗೆಟುಕದಿದ್ದರೆ ನಡುದಾರಿಯೂ ಇದೆ: ಮೊದಲ ರಿಯಾಕ್ಟರ್‌ಗಳನ್ನು ಹಾಗೇ ಬಿಟ್ಟು, ಕೊನೆಗೆ ಮಾತ್ರ ಸಿಸಿಆರ್ ಮಾದರಿಯ ರಿಯಾಕ್ಟರ್ ಸೇರಿಸುವುದು. ಮೊದಲ ರಿಯಾಕ್ಟರ್‌ನಲ್ಲಿ ಸುಲಭದ ಕ್ರಿಯೆಗಳು ಮುಗಿದು ತಾಪಮಾನ ದಬಕ್ಕನೆ ಬೀಳುತ್ತದೆ, ಕೋಕ್ ಕಡಿಮೆ. ಕಷ್ಟದ ಕ್ರಿಯೆಗಳೂ ಕೋಕೂ ಬಹುಪಾಲು ಕೊನೆಯ ಪಾಲಿಗೆ.

ಕಾನೂನೂ ಲೆಕ್ಕ ಬದಲಿಸಿದೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ಪ್ರಕಾರ ಪೆಟ್ರೋಲಿನಲ್ಲಿ ಬೆಂಜೀನ್ ಶೇ 1, ಒಟ್ಟು ಆರೋಮ್ಯಾಟಿಕ್ಸ್ ಶೇ 35 ಮೀರಬಾರದು. ಹಾಗಾಗಿ ಬೆಂಜೀನ್ ಆಗುವ ಹಗುರ ಅಣುಗಳನ್ನು ಸ್ಪ್ಲಿಟರ್‌ನಲ್ಲಿ ಮೊದಲೇ ಬೇರ್ಪಡಿಸಬೇಕು. ಮತ್ತೊಂದು ಕಡೆ, ಸುಮಾರು 108 ಆಕ್ಟೇನಿನ ಎಥನಾಲ್ ಶೇ 20ರಷ್ಟು ಬೆರೆಯುವಾಗ ರಿಫಾರ್ಮರ್‌ನಿಂದ ಆಕ್ಟೇನ್ ಹಿಂಡುವ ಅವಸರ ತಗ್ಗುತ್ತದೆ. ಗಂಧಕ ತೆಗೆಯಲು ಬೇಕಾದ ಹೈಡ್ರೋಜನ್‌ಗೆ ಬೇಡಿಕೆ ಮಾತ್ರ ಹಾಗೇ ಇದೆ. ಬರೀ ಆಕ್ಟೇನ್ ಏರಿಸಲೆಂದೇ ರಿವ್ಯಾಂಪ್ ಮಾಡುತ್ತೇವೆ ಎನ್ನುವವರ ಲೆಕ್ಕವನ್ನು ನಾನು ಇನ್ನೊಮ್ಮೆ ನೋಡುತ್ತೇನೆ.

ಕೋಲಾರದವರಿಗೆ ಖುಷಿಯಾಗುವ ಲೆಕ್ಕವೊಂದಿದೆ. ಕೆಜಿಎಫ್ ಅದಿರಿನಲ್ಲಿ ಚಿನ್ನವನ್ನು ಟನ್ನಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಿದ್ದರು, ಶೇ 0.3 ಪ್ಲಾಟಿನಂ ಇರುವ ಕ್ಯಾಟಲಿಸ್ಟ್‌ನಲ್ಲಿ ಟನ್ನಿಗೆ 3 ಕೆ.ಜಿ. ಹಳೆಯದನ್ನು ಯಾರೂ ಎಸೆಯುವುದಿಲ್ಲ. ಪ್ಲಾಟಿನಂ ವಾಪಸ್ ತೆಗೆಸಿ ಹೊಸ ಖರೀದಿಗೆ ವಜಾ ಹಾಕುತ್ತಾರೆ.

ನಿಮ್ಮ ತಮ್ಮನಿಗೆ ಒಂದು ಕೆಲಸ ಹೇಳಿ. ಲಾಗ್ ಪುಸ್ತಕದಲ್ಲಿ ಓಟದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಪ್ರತಿ ರಿಯಾಕ್ಟರ್, ಹೀಟರ್, ಎಕ್ಸ್‌ಚೇಂಜರ್ ದಾಟುವಾಗ ಎಷ್ಟು ಒತ್ತಡ ಬಿದ್ದಿದೆ ಎಂದು ಪಕ್ಕಪಕ್ಕ ಬರೆಯಲಿ. ಏರಿಕೆ ಮೊದಲ ರಿಯಾಕ್ಟರ್ ಒಂದರಲ್ಲೇ ಇದ್ದರೆ, ಒಳಗಿನ ಕ್ಯಾಟಲಿಸ್ಟ್ ಹಾಸಿನ ಮೇಲ್ಭಾಗದಲ್ಲಿ ತುಕ್ಕಿನ ಪುಡಿ ಕೂತಿರುವ ಸಂಭವವೇ ಹೆಚ್ಚು. ಮುಂದಿನ ಶಟ್‌ಡೌನ್‌ನಲ್ಲಿ ಆ ಪದರವನ್ನು ಕೆರೆದು ತೆಗೆದರೆ ಮುಗಿಯಿತು. ಅದಕ್ಕೆ ರಿವ್ಯಾಂಪ್ ಬೇಕಿಲ್ಲ.