ಯಾವ ಲೆಕ್ಕದಲ್ಲಿ ಈ ಕೂಸಿಗೆ ಊಟ?

"ಸೋಮವಾರ ಅಕ್ಕಿ ಜಾಸ್ತಿ ಹಾಕಬೇಕಾಗ್ತದ್ರೀ."

ವಿಜಯಪುರದ ಒಂದು ಸರ್ಕಾರಿ ಶಾಲೆಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಗ ಬಿಸಿಯೂಟ ಮಾಡುವ ಅಕ್ಕ ಹೇಳಿದ ಮಾತು ಇದು. ಯಾಕೆ ಅಂತ ಕೇಳಿದೆ. ಅವರು ಸಾಂಬಾರು ತಿರುವುತ್ತಲೇ ಹೇಳಿದರು: "ರವಿವಾರ ಸಾಲಿ ಇರಂಗಿಲ್ಲಲ್ರೀ. ಹುಡುಗೂರು ಹಸಕೊಂಡು ಬಂದಿರ್ತಾವ."

ಈ ಊರಲ್ಲಿ ಅನ್ನ ಹಾಕುವ ಕೈಗಳಿಗೆ ಯಾವತ್ತೂ ಬರ ಇಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ದಾಸೋಹ ಅನ್ನುವುದು ಇಲ್ಲಿ ದಿನಬಳಕೆಯ ಮಾತು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ, ದರ್ಗಾಗಳಲ್ಲಿ ಉರುಸು ನಡೆಯುತ್ತದೆ. ಪಂಕ್ತಿಯಲ್ಲಿ ಕೂತವರ ಹೆಸರು ಯಾರೂ ಕೇಳುವುದಿಲ್ಲ. ಹಾಗಿದ್ದೂ ರವಿವಾರ ಮಕ್ಕಳು ಹಸಿದಿರುತ್ತಾರೆ. ಇದು ಹೇಗೆ ಅಂತ ಹಿಂದೆ ಹಿಂದೆ ಹೋಗಿ ನೋಡಿದರೆ ಒಂದು ವಿಷಯ ಕಾಣುತ್ತದೆ. ನಾವು ಮಕ್ಕಳಿಗೆ ಊಟ ಕೊಟ್ಟಿದ್ದೇವೆ, ಆದರೆ ಯಾವಾಗಲೂ ಬೇರೆ ಯಾವುದೋ ಲೆಕ್ಕದಲ್ಲಿ. ಒಮ್ಮೆ ಕೂಲಿಯ ಲೆಕ್ಕ, ಒಮ್ಮೆ ವಿದ್ಯೆಯ ಲೆಕ್ಕ, ಒಮ್ಮೆ ಹಾಜರಿಯ ಲೆಕ್ಕ. ಸುಮ್ನೆ ಕೂಸು ಅಂತ ಕೊಟ್ಟಿದ್ದು ಕಡಿಮೆ.

1876ರಲ್ಲಿ ಮಳೆ ಕೈಕೊಟ್ಟಿತು. ಆಗ ಇದು ಮುಂಬೈ ಪ್ರಾಂತ್ಯಕ್ಕೆ ಸೇರಿದ ಕಲಾದಗಿ ಜಿಲ್ಲೆ. ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಬಂದಿದ್ದು 1880ರ ದಶಕದಲ್ಲಿ. 1872ರ ಜನಗಣತಿಯಲ್ಲಿ ಸುಮಾರು 8.16 ಲಕ್ಷ ಇದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ ಸುಮಾರು 6.38 ಲಕ್ಷಕ್ಕೆ ಇಳಿಯಿತು. ಸತ್ತವರೆಷ್ಟು, ಊರು ಬಿಟ್ಟು ಹೋದವರೆಷ್ಟು ಅಂತ ಈ ಅಂಕಿ ಹೇಳುವುದಿಲ್ಲ. ಆದರೆ ಬರ ಬಂದಾಗ ಮೊದಲು ಹೋಗುವುದು ಕೂಸುಗಳು ಮತ್ತು ಮುದುಕರು ಅಂತ ಹೇಳಲು ಜನಗಣತಿ ಬೇಕಿಲ್ಲ.

ಆಗಿನ ಸರ್ಕಾರದ ದಾರಿ ಒಂದೇ: ದುಡಿದರೆ ಕೂಲಿ. ಕಲ್ಲು ಒಡೆಯಬೇಕು, ರಸ್ತೆ ಹಾಕಬೇಕು, ಕೆರೆ ತೋಡಬೇಕು. 1877ರ ಜನವರಿಯಲ್ಲಿ ಬರದ ಕೆಲಸ ನೋಡಲು ಬಂದ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಆ ಕೂಲಿಯನ್ನೂ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಮೇಲೊಂದು ಆಣೆ. ಹೆಂಗಸರಿಗೆ ಅದಕ್ಕಿಂತ ಕಡಿಮೆ, ಕೆಲಸ ಮಾಡುವ ಮಕ್ಕಳಿಗೆ ಇನ್ನೂ ಕಡಿಮೆ. ಮಕ್ಕಳು ಸರ್ಕಾರದ ಲೆಕ್ಕದ ಪುಸ್ತಕಕ್ಕೆ ಬಂದಿದ್ದು ಹೀಗೆ, ಅರ್ಧ ಕೂಲಿಯಾಳಾಗಿ. ನಾವು ಇವತ್ತು ಸೊಲ್ಲಾಪುರದ ಕಡೆ ಹೋಗಲು ಹತ್ತುವ ಗದಗ–ಹೋಟಗಿ ರೈಲು ದಾರಿ ಕೂಡ ಆ ಬರ ಕಲಿಸಿದ ಪಾಠದಿಂದ ಹುಟ್ಟಿದ್ದು. ಮತ್ತೆ ಬರ ಬಿದ್ದರೆ ಕಾಳು ಸಾಗಿಸಲು ದಾರಿ ಬೇಕಿತ್ತು.

ಜನ ತಾವಾಗಿಯೇ ಮಾಡಿದ ಕೆಲಸ ಬೇರೆ ಥರದ್ದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಹಳ್ಳಿಯ ಹುಡುಗರು ಓದಲು ಪಟ್ಟಣಕ್ಕೆ ಬರತೊಡಗಿದರು. ಇರಲು ಜಾಗ ಸಿಗಬಹುದು, ಊಟ ಎಲ್ಲಿ? ಕೆಲವರಿಗೆ ವಾರಾನ್ನ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಳಿದವರಿಗೆ ಮಠಗಳ ಪ್ರಸಾದ ನಿಲಯ. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ಜೋಳ, ತೊಗರಿ, ಶೇಂಗಾ ತಂದು ಹುಡುಗರನ್ನು ಸಾಕಿದರು. 1910ರಲ್ಲಿ ಶುರುವಾದ ಇಲ್ಲಿನ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಬೆಳೆದಿದ್ದೂ ಇಂಥದ್ದೇ ವಾತಾವರಣದಲ್ಲಿ. ಈ ಭಾಗದ ಎಷ್ಟೋ ಮಾಸ್ತರರು, ವಕೀಲರು, ಡಾಕ್ಟರು ಪ್ರಸಾದ ನಿಲಯದ ರೊಟ್ಟಿ ತಿಂದು ಬೆಳೆದವರು. ಇದನ್ನು ಯಾರೂ ಸಣ್ಣದು ಅನ್ನಲಾರರು.

ಆದರೆ ಒಂದು ಮಾತು ಹೇಳಲೇಬೇಕು. ಅಲ್ಲಿ ಊಟ ಸಿಕ್ಕಿದ್ದು ಓದುವವನಿಗೆ. ಅದರಲ್ಲೂ ಹುಡುಗನಿಗೆ. ಹಾಸ್ಟೆಲ್‌ಗಳು ಒಂದೊಂದು ಜಾತಿಗೆ ಒಂದೊಂದು ಅಂತಲೇ ಬೆಳೆದವು. ಮನೆಯಲ್ಲಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಕುರಿ ಕಾಯುತ್ತಿದ್ದ ಹುಡುಗಿಗೆ ಯಾವ ನಿಲಯದ ಬಾಗಿಲೂ ಇರಲಿಲ್ಲ.

1972ರ ಬರದ ನೆನಪು ನಮ್ಮ ಮನೆಯಲ್ಲಿ ಇನ್ನೂ ಇದೆ. ಅವ್ವ ಹೇಳುತ್ತಿದ್ದಳು: "ರೇಷನ್ನಿನ ಕೆಂಪು ಜೋಳ ಬರ್ತಿತ್ತು, ರೊಟ್ಟಿ ಹರಿದು ಹರಿದು ಹೋಗ್ತಿತ್ತು. ಸಾಲ್ಯಾಗ ಮಾತ್ರ ಹಳದಿ ಉಪ್ಪಿಟ್ಟು ಕೊಡ್ತಿದ್ರು." ಆ ಉಪ್ಪಿಟ್ಟು 'ಕೇರ್' ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ಹಿಟ್ಟು, ರವೆಯಿಂದ ಆಗುತ್ತಿತ್ತು. ಜೊತೆಗೆ ಹಾಲಿನ ಪುಡಿ. 60ರ ದಶಕದಿಂದ ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ಅದರ ವಾಸನೆ ಕೂಡ ನೆನಪಿರುತ್ತದೆ. ಕೆಲವರಿಗೆ ಪ್ರೀತಿಯಿಂದ, ಕೆಲವರಿಗೆ ಹೊಟ್ಟೆ ತೊಳೆಸಿದಂತೆ.

1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ದೇಶದ 33 ಕಡೆ ಶುರುವಾಯಿತು. ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ಶಾಲೆಗೆ ಹೋಗದ ಕೂಸನ್ನೂ ಲೆಕ್ಕಕ್ಕೆ ತೆಗೆದುಕೊಂಡ ದೊಡ್ಡ ಹೆಜ್ಜೆ ಅದು.

ಶಾಲೆಯ ಊಟದ ಕಥೆಯಲ್ಲಿ ಮಾತ್ರ ನಮ್ಮ ಜಿಲ್ಲೆ ಮುಂದಿನ ಸಾಲಿನಲ್ಲಿದೆ. 1995ರಿಂದ ಶಾಲೆಗೆ ಬರುವ ಮಗುವಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಕೊಡುತ್ತಿದ್ದರು. ಹಾಜರಿ ಸರಿಯಾಗಿರಬೇಕು ಅನ್ನುವುದು ಷರತ್ತು. ಆ ಅಕ್ಕಿ ಮನೆಗೆ ಹೋಗಿ ಮನೆಯ ಚೀಲಕ್ಕೆ ಬೀಳುತ್ತಿತ್ತು. ಆರು ಜನರ ಮನೆಯಲ್ಲಿ 3 ಕಿಲೋ ಎಷ್ಟು ದಿನ ಬಂದೀತು? 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಆದೇಶ ಮಾಡಿತು. ರಾಜ್ಯ ಸರ್ಕಾರ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರು ಮಾಡಿತು. ವಿಜಯಪುರ, ಬಾಗಲಕೋಟೆ ಆ ಏಳರಲ್ಲಿದ್ದವು. ಉಳಿದ ಜಿಲ್ಲೆಗಳಿಗೆ ಬಂದಿದ್ದು ಮರುವರ್ಷ.

ಹೆಸರು ನೋಡಿ, ಅಕ್ಷರ ಮೊದಲು, ದಾಸೋಹ ಆಮೇಲೆ.

ಆ ಮೊದಲ ದಿನಗಳಲ್ಲಿ ಊರಿನವರು ಕೈ ಜೋಡಿಸದಿದ್ದರೆ ಒಲೆ ಹೊತ್ತುತ್ತಿರಲಿಲ್ಲ. ಅಡುಗೆಮನೆ ಇರಲಿಲ್ಲ, ನೀರು ದೂರ. ಯಾರೋ ತಟ್ಟೆ–ಲೋಟ ಕೊಡಿಸಿದರು, ಯಾರೋ ಹೊಲದಿಂದ ಬದನೆಕಾಯಿ, ಉಳ್ಳಾಗಡ್ಡಿ ತಂದು ಹಾಕಿದರು. ಇದರ ಜೊತೆಗೇ ಇನ್ನೊಂದು ಮುಖವೂ ಇತ್ತು. ದಲಿತ ಹೆಣ್ಣುಮಗಳು ಅಡುಗೆ ಮಾಡಿದರೆ ನಮ್ಮ ಹುಡುಗ ಉಣ್ಣುವುದಿಲ್ಲ ಅಂತ ರಾಜ್ಯದ ಹಲವು ಕಡೆ ತಕರಾರು ಎದ್ದಿತು. ದಾಸೋಹದ ನಾಡಿನವರು ನಾವು, ಅಲ್ವಾ?

ಇವತ್ತು ಲೆಕ್ಕ ಹೀಗಿದೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. 6ರಿಂದ 8ಕ್ಕೆ 150 ಗ್ರಾಂ, 700 ಕ್ಯಾಲೊರಿ, 20 ಗ್ರಾಂ. 2013ರ ಆಹಾರ ಭದ್ರತಾ ಕಾಯ್ದೆ ಇದನ್ನು ಹಕ್ಕು ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ 150 ಮಿಲೀ ಹಾಲು ಬಂತು. ನನಗೊಂದು ಸಣ್ಣ ಕೊರಗು: ಇದು ಬಿಳಿಜೋಳದ ಸೀಮೆ, ಆದರೂ ತಟ್ಟೆಗೆ ಬೀಳುವುದು ಹೆಚ್ಚಾಗಿ ಅಕ್ಕಿಯೇ. ನೂರಾರು ಮಕ್ಕಳಿಗೆ ರೊಟ್ಟಿ ಬಡಿಯುವುದು ಹೇಗೆ ಅಂತ ಅಡುಗೆಯವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ನುಚ್ಚು, ಸಂಗಟಿಯನ್ನಾದರೂ ಯೋಚಿಸಬಹುದಿತ್ತು.

2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಬಂತು. ಮತ್ತೆ ಏಳು ಜಿಲ್ಲೆ, ಮತ್ತೆ ವಿಜಯಪುರ ಅದರಲ್ಲಿ. ಅಪೌಷ್ಟಿಕತೆ ಜಾಸ್ತಿ ಇದೆ ಅನ್ನುವುದೇ ಈ ಸಲದ ಅರ್ಹತೆ. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧ ಮಾಡಿದರು, ಶಾಲೆಯಲ್ಲಿ ಪಂಕ್ತಿಭೇದ ಆಗುತ್ತದೆ ಅಂದರು. ವಾದ ಟಿವಿಯಲ್ಲಿ ನಡೆಯುತ್ತಿತ್ತು, ಶಾಲೆಯಲ್ಲಿ ಹೆಚ್ಚಿನ ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ನನ್ನ ಮಟ್ಟಿಗೆ ಅಲ್ಲಿಗೆ ಆ ವಾದ ಮುಗಿಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಸೇರಿದ ಮೇಲೆ ವಾರದ ಆರೂ ದಿನ ಮೊಟ್ಟೆ ಅಂತಾಯಿತು.

ಆರು ದಿನ. ಅಡುಗೆಯ ಅಕ್ಕ ಹೇಳಿದ್ದು ಏಳನೆಯ ದಿನದ ಮಾತು.

ಶಾಲೆ ಮುಚ್ಚಿದರೆ ಏನಾಗುತ್ತದೆ ಅಂತ 2020ರ ಮಾರ್ಚ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಬಿಸಿಯೂಟ ನಿಂತಿತು, ಅದರ ಬದಲು ಕಾಳುಕಡಿ ಮನೆಗೆ ಹೋಯಿತು. ಮತ್ತೆ ಅದೇ ಮನೆಯ ಚೀಲ. ಆ ದಿನಗಳಲ್ಲಿ ಈ ಊರಿನ ಜನ ಸುಮ್ಮನೆ ಕೂರಲಿಲ್ಲ. ಓಣಿಯ ಹುಡುಗರು ದುಡ್ಡು ಕೂಡಿಸಿ ಅಡುಗೆ ಮಾಡಿ ಗುಡಿಸಲುಗಳಿಗೆ ಹಂಚಿದರು. ನಾನೂ ಒಂದೆರಡು ದಿನ ಪ್ಯಾಕೆಟ್ ಕಟ್ಟಲು ಹೋಗಿದ್ದೆ. ಪಲಾವ್, ಮೇಲೆ ಒಂದು ಉಪ್ಪಿನಕಾಯಿ ಪಾಕೀಟು. ರೈಲ್ವೆ ಸ್ಟೇಷನ್ ಕಡೆ ಒಬ್ಬ ತಾಯಿ ಪ್ಯಾಕೆಟ್ ತೆಗೆದುಕೊಂಡು ಮಡಿಲಲ್ಲಿದ್ದ ಕೂಸನ್ನು ತೋರಿಸಿದಳು: "ಇದಕ್ಕ ಖಾರ ಆಗ್ತದ್ರೀ ಅಣ್ಣಾ." ವರ್ಷ ತುಂಬದ ಕೂಸು ಅದು. ನಾವ್ಯಾರೂ ಅದನ್ನು ಯೋಚಿಸಿರಲೇ ಇಲ್ಲ. ಮರುದಿನದಿಂದ ಒಂದು ಡಬರಿಯಲ್ಲಿ ಬೇರೆಯಾಗಿ ಮೆತ್ತಗಿನ ಅನ್ನ–ಬೇಳೆ ಮಾಡಿಸಿದೆವು.

ತಿಳಿದವರು ಮೊದಲಿಂದ ಹೇಳುತ್ತಿರುವುದೂ ಇದನ್ನೇ. ಹಸಿವು ಶಾಶ್ವತ ಗುರುತು ಬಿಡುವುದು ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಮೊದಲ ಎರಡು ವರ್ಷದಲ್ಲಿ. ಬಿಸಿಯೂಟ ಸಿಗುವ ಹೊತ್ತಿಗೆ ಮಗುವಿಗೆ ಆರು ವರ್ಷ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, ಶೇ 32.9ರಷ್ಟು ತೂಕ ಇಲ್ಲದವರು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ರಕ್ತ ಕಡಿಮೆಯಿದ್ದು ಬಸುರಿಯಾದ ಹುಡುಗಿಯ ಕೂಸು ಹುಟ್ಟುವಾಗಲೇ ಹಿಂದೆ ಬಿದ್ದಿರುತ್ತದೆ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಅಂತ ಬಸುರಿ–ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಊಟ ಶುರುವಾಯಿತು. ಒಳ್ಳೆಯ ಯೋಚನೆ. ಆದರೆ ಹೊಲದ ಮನೆಯಿಂದ ಬಿಸಿಲಲ್ಲಿ ನಡೆದು ಬರಬೇಕು, ಬಾಣಂತಿಯನ್ನು ಹೊರಗೆ ಬಿಡಲು ಅತ್ತೆ ಒಪ್ಪಬೇಕು.

ಮೂರು ವರ್ಷದೊಳಗಿನ ಕೂಸಿಗೆ ಅಂಗನವಾಡಿಯಿಂದ ಸಿಗುವುದು ಮನೆಗೆ ಒಯ್ಯುವ ಪೌಷ್ಟಿಕ ಹಿಟ್ಟಿನ ಪಾಕೀಟು. ಅದನ್ನು ಅಣ್ಣ, ಅಕ್ಕ, ಅಜ್ಜಿ ಎಲ್ಲರೂ ಹಂಚಿಕೊಳ್ಳುತ್ತಾರೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅಳೆಯುವ ಟೇಪಿನಲ್ಲಿ ಕಾಣುವುದು ಕೆಂಪು ಬಣ್ಣ. ಅಂದರೆ ತೀವ್ರ ಅಪೌಷ್ಟಿಕತೆ. ಅಂಥ ಕೂಸಿಗೆ ಕಾಯಿಲೆಯೂ ಇದ್ದರೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಸುಮಾರು 14 ದಿನ ಇಟ್ಟುಕೊಳ್ಳುತ್ತಾರೆ. ತಾಯಿಗೆ ಕೂಲಿ ನಷ್ಟದ ದುಡ್ಡೂ ಉಂಟು. ಆದರೂ ಎಷ್ಟೋ ತಾಯಂದಿರು ನಾಲ್ಕೇ ದಿನಕ್ಕೆ ಎದ್ದು ಹೋಗುತ್ತಾರೆ. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿರುತ್ತಾರಲ್ಲ.

ಇಲ್ಲಿ ಹುಟ್ಟುಹಬ್ಬಕ್ಕೆ ಶಾಲೆಗೆ ಗೋಧಿ ಹುಗ್ಗಿ ಮಾಡಿಸುವವರು ಈಗ ಹೆಚ್ಚಾಗಿದ್ದಾರೆ. ಮಾಡಿಸಲಿ, ಮಕ್ಕಳಿಗೆ ಖುಷಿ. ಆದರೆ ಹುಗ್ಗಿಯ ದಿನ ಮಕ್ಕಳಿಗೆ ಊಟ ಹೇಗೂ ಇತ್ತು. 2024ರ ಬೇಸಿಗೆಯಲ್ಲಿ ಬರ ಘೋಷಿಸಿದ ತಾಲ್ಲೂಕುಗಳಲ್ಲಿ ರಜೆಯಲ್ಲೂ 41 ದಿನ ಬಿಸಿಯೂಟ ಕೊಡಲು ಸರ್ಕಾರ ಹೊರಟಿತು. ಬರ ಇಲ್ಲದ ವರ್ಷದ ಏಪ್ರಿಲ್, ಮೇ ತಿಂಗಳಿಗೆ ಅಂಥ ಏರ್ಪಾಡು ಇಲ್ಲ. ಅದಕ್ಕೆ ಜೋಳಿಗೆ ಹಿಡಿಯುವವರೂ ಬೇಕಾಗಿದ್ದಾರೆ.

ಮತ್ತೆ ದುಡಿಯಲು ಹೋಗುವವರು. ಮಳೆಗಾಲ ಮುಗಿದ ಮೇಲೆ ತಾಂಡಾಗಳಿಗೆ ಕಬ್ಬು ಕಡಿಯುವ ಗ್ಯಾಂಗನ್ನು ಒಯ್ಯುವ ಟ್ರ್ಯಾಕ್ಟರ್ ಬರುತ್ತದೆ. ಇನ್ನು ಕೆಲವರು ಗೋವಾ, ಪುಣೆ, ಮಂಗಳೂರಿನ ಬಸ್ ಹತ್ತುತ್ತಾರೆ. ದೊಡ್ಡ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಮೊಲೆ ಬಿಡದ ಕೂಸು ತಾಯಿಯ ಜೊತೆ ಹೋಗುತ್ತದೆ. ನಾನು ನೋಡಿದ ಒಂದು ಅಂಗನವಾಡಿಯ ದಾಖಲೆ ಪುಸ್ತಕದಲ್ಲಿ ನವೆಂಬರ್‌ನ ಪುಟದಲ್ಲಿ ಹನ್ನೊಂದು ಹೆಸರುಗಳ ಮುಂದೆ ತೂಕ ಬರೆಯುವ ಜಾಗದಲ್ಲಿ ಒಂದೇ ಪದ ಇತ್ತು: ವಲಸೆ. ಕಬ್ಬಿನ ಗದ್ದೆಯ ಹತ್ತಿರ ಇರುವ ಅಂಗನವಾಡಿಯಲ್ಲಿ ಆ ಹನ್ನೊಂದು ಹೆಸರು ಯಾರಾದರೂ ಬರೆದುಕೊಂಡರಾ ಅಂತ ಕೇಳಿದೆ. ಕಾರ್ಯಕರ್ತೆ ಪುಸ್ತಕ ಮುಚ್ಚಿದರು. "ಯುಗಾದಿಗೆ ಬರ್ತಾವ್ರೀ, ಬಂದ ಮ್ಯಾಲ ತೂಕ ಮಾಡ್ತೀನಿ."