ಟೀವಿಯಲ್ಲಿ ವಿಚಾರಣೆ, ಒಲೆ ಮೇಲೆ ಹಾಲು

1973ರ ಬೇಸಿಗೆಯಲ್ಲಿ ಅಮೆರಿಕದ ಮನೆಗಳ ದಿನಚರಿ ಏರುಪೇರಾಯಿತು. ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿ, ಆಮೇಲೆ ಅದನ್ನು ಮುಚ್ಚಿಹಾಕಲು ನೋಡಿದ ವಾಟರ್‌ಗೇಟ್ ಹಗರಣದ ವಿಚಾರಣೆಯನ್ನು ಮೇ 17ರಂದು ಸೆನೆಟ್ ಸಮಿತಿಯೊಂದು ಶುರು ಮಾಡಿತ್ತು. ಹಗಲಿನ ಧಾರಾವಾಹಿಗಳನ್ನು ಪಕ್ಕಕ್ಕಿಟ್ಟು ಮೂರೂ ದೊಡ್ಡ ಚಾನೆಲ್‌ಗಳು ಇದನ್ನೇ ನೇರವಾಗಿ ತೋರಿಸಿದವು. ‘ನಮ್ಮ ಸೀರಿಯಲ್ ಎಲ್ಲಿ ಹೋಯ್ತು?’ ಎಂದು ಗೊಣಗಿದವರೂ ಇದ್ದರು. ಕೆಲವು ದಿನಗಳಾದ ಮೇಲೆ ಚಾನೆಲ್‌ಗಳು ಸರದಿ ಮಾಡಿಕೊಂಡವು, ದಿನಕ್ಕೊಂದು ಚಾನೆಲ್. ಕೊನೆಗೆ ನೂರಕ್ಕೆ 85 ಮನೆಗಳಲ್ಲಿ ಒಂದಿಷ್ಟಾದರೂ ನೋಡಿದ್ದರು ಎಂಬ ಲೆಕ್ಕವಿದೆ.

ಅದರಲ್ಲಿ ಬಹುಪಾಲು ಬೋರ್ ಹೊಡೆಸುವಂಥದ್ದೇ. ಜೂನ್ 25ರಂದು ಅಧ್ಯಕ್ಷ ನಿಕ್ಸನ್ ಅವರ ವಕೀಲರಾಗಿದ್ದ ಜಾನ್ ಡೀನ್ 245 ಪುಟಗಳ ಹೇಳಿಕೆಯನ್ನು ಏರಿಳಿತವೇ ಇಲ್ಲದ ದನಿಯಲ್ಲಿ ದಿನವಿಡೀ ಓದಿದರು. ಹಾಗಾದರೆ ಜನ ಯಾಕೆ ಕೂತರು? ಜುಲೈ 16ರಂಥ ದಿನವೂ ಬರುತ್ತಿತ್ತಲ್ಲ, ಅದಕ್ಕೆ. ಅವತ್ತು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಅಧಿಕಾರಿಯನ್ನು ದಿಢೀರನೆ ಸಾಕ್ಷಿಗೆ ಕರೆದರು. ನಿಕ್ಸನ್ ಕಚೇರಿಯಲ್ಲಿ ಮಾತು ಕೇಳಿಸಿಕೊಳ್ಳುವ ಉಪಕರಣಗಳಿದ್ದದ್ದು ಗೊತ್ತಿತ್ತೇ ಎಂದು ಸಮಿತಿಯ ವಕೀಲ ಕೇಳಿದರು. ಗೊತ್ತಿತ್ತು ಎಂದರು ಬಟರ್‌ಫೀಲ್ಡ್. ಅಷ್ಟೇ. ಅಧ್ಯಕ್ಷರ ಮಾತೆಲ್ಲ ಟೇಪಿನಲ್ಲಿ ಸಿಕ್ಕಿಬಿದ್ದಿದೆ ಎಂದು ಇಡೀ ದೇಶಕ್ಕೆ ಗೊತ್ತಾಯಿತು. ಆ ಹೊತ್ತಿಗೆ ಅಡುಗೆಮನೆಗೆ ಎದ್ದು ಹೋದವರ ಗತಿ?

ಕಾಳು ಯಾವಾಗ ಬೀಳುತ್ತದೆ ಎಂದು ಗೊತ್ತಿಲ್ಲದ ಪಾರಿವಾಳ ಕುಟುಕುತ್ತಲೇ ಇರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ತೋರಿಸಿದ್ದರು. ಪ್ರತಿ ಸಲವೂ ಕಾಳು ಬೀಳುತ್ತಿದ್ದು ಒಮ್ಮೆ ನಿಂತುಹೋದರೆ ಅದು ಬೇಗ ಸುಮ್ಮನಾಗುತ್ತದೆ. ಯಾವಾಗಲೋ ಒಮ್ಮೆ ಬೀಳುತ್ತಿದ್ದರೆ ಮಾತ್ರ ಬಿಡುವುದಿಲ್ಲ. ‘ಇನ್ನು ಐದೇ ನಿಮಿಷ’ ಎಂದು ರಿಮೋಟ್ ಹಿಡಿದು ಕೂರುವವರ ಕಥೆಯೂ ಸುಮಾರಾಗಿ ಹೀಗೇ.

ಆದರೆ ಈ ಕಾಯುವಿಕೆ ಸುಮ್ನೆ ಚಟವಲ್ಲ, ಮೈಗೆ ತಟ್ಟುತ್ತದೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 45 ಜನ ಕಂಪ್ಯೂಟರ್ ಮುಂದೆ ಕೂತರು. ಪರದೆಯಲ್ಲೊಂದು ಕಲ್ಲು. ಅದರ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ಚುರುಕ್ಕೆನ್ನುವ ಶಾಕ್. ಊಹೆ ಸರಿಯಾದರೂ ಶಾಕ್ ತಪ್ಪದು! ಯಾವ ಕಲ್ಲಿನ ಕೆಳಗೆ ಹಾವಿರುವುದು ಜಾಸ್ತಿ ಎಂಬುದು ಆಟದ ನಡುವೆ ಬದಲಾಗುತ್ತಾ ಹೋಗುತ್ತಿತ್ತು. ಅವರ ಬೆವರು, ಕಣ್ಣಪಾಪೆ ಹಿಗ್ಗುವುದು, ಅವರೇ ಹೇಳಿದ ಆತಂಕ, ಎಲ್ಲವನ್ನೂ ಅಳೆದರು. ಶಾಕ್ ಗ್ಯಾರಂಟಿ ಎಂದಾಗ ಜನ ಅಷ್ಟೇನೂ ಹೆದರಲಿಲ್ಲ. ಒತ್ತಡ ತುದಿಗೇರಿದ್ದು ಹಾವಿರುವ ಸಾಧ್ಯತೆ ಶೇ 50 ಇದ್ದಾಗ. ಕೆಟ್ಟದ್ದು ಆಗೇ ಆಗುತ್ತದೆ ಎನ್ನುವುದಕ್ಕಿಂತ ಆಗುತ್ತೋ ಇಲ್ಲವೋ ಎನ್ನುವುದೇ ಹಿಂಸೆ.

2019ರ ಜುಲೈನಲ್ಲಿ ನಮ್ಮ ವಿಧಾನಸಭೆಯ ಕಲಾಪ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 18ರಂದು ಮಂಡನೆಯಾದ ವಿಶ್ವಾಸಮತ ಇವತ್ತು, ನಾಳೆ ಎನ್ನುತ್ತಾ 23ಕ್ಕೆ ಹೋಗಿ, 99–105ಕ್ಕೆ ಮುಗಿಯಿತು. ಫಲಿತಾಂಶಕ್ಕಿಂತ ಆ ನಡುವಿನ ದಿನಗಳೇ ಜಾಸ್ತಿ ಸುಸ್ತು ಮಾಡಿದವು, ಅಲ್ವಾ?

ಆತಂಕವಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ಕ್ಷಣಗಳಲ್ಲಿ ರಕ್ತಕ್ಕಿಳಿಯುತ್ತದೆ. ಒತ್ತಡದ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ನಿಧಾನಸ್ಥ. ಸುಮಾರು 20–30 ನಿಮಿಷದ ಹೊತ್ತಿಗೆ ಅದು ಜೋರಾಗುತ್ತದೆ, ಇಳಿಯಲು ಗಂಟೆಯೋ ಇನ್ನೂ ಹೆಚ್ಚೋ ಬೇಕು. ಹಾಗಾಗಿ ಟೀವಿ ಆರಿಸಿದ ತಕ್ಷಣ ಮೈ ತಣ್ಣಗಾಗುವುದಿಲ್ಲ. ಕಟಕಟೆಯಲ್ಲಿ ಕೂತವನಷ್ಟು ಒತ್ತಡ ಸೋಫಾ ಮೇಲೆ ಕೂತವನಿಗೆ ಇರುವುದಿಲ್ಲ, ನಿಜ. ಆದರೆ ನೋಡುವುದು ಎಷ್ಟು ಹೊತ್ತು ಎನ್ನುವುದು ಮುಖ್ಯ. 2013ರ ಬೋಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ 4,675 ಜನರ ಅಧ್ಯಯನ ನಡೆಯಿತು. ಮೊದಲ ವಾರ ದಿನಕ್ಕೆ 6 ಗಂಟೆಗೂ ಹೆಚ್ಚು ಆ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ಜಾಸ್ತಿ ಒತ್ತಡದ ಲಕ್ಷಣ ಕಂಡುಬಂತು. ಮೊದಲೇ ಕಳವಳ ಇದ್ದವರು ಹೆಚ್ಚು ನೋಡಿರಲೂಬಹುದು. ಆದರೂ ಸುಮ್ಮನೆ ತಳ್ಳಿಹಾಕುವ ಮಾತಲ್ಲ.

ಹಾಗಂತ ನೋಡಲೇಬೇಡಿ ಎಂದು ಹೇಳುವವನಲ್ಲ ನಾನು. ಪ್ರಜೆಗಳು ನೋಡಲಿ ಅಂತಲೇ ತಾನೇ ಇವನ್ನು ಪ್ರಸಾರ ಮಾಡುವುದು? ಕೈಗೆ ಅಭ್ಯಾಸವಾದ ಕೆಲಸ ಮಾಡುತ್ತಾ ಕೇಳಬಹುದು. ಬಟ್ಟೆ ಮಡಚುವುದು, ಅವರೆಕಾಯಿ ಬಿಡಿಸುವುದು ಇಂಥವಕ್ಕೆ ಹೆಚ್ಚು ಗಮನ ಬೇಡ. ಪತ್ರ ಬರೆಯುವುದು, ಮಕ್ಕಳ ಹೋಮ್‌ವರ್ಕ್ ನೋಡುವುದು ಆಗದ ಮಾತು. ಅವುಗಳಿಗೂ ಭಾಷೆ ಬೇಕು, ವಿಚಾರಣೆಗೂ ಭಾಷೆ ಬೇಕು, ಮಿದುಳಿನಲ್ಲಿ ಎರಡೂ ಒಂದೇ ದಾರಿಗೆ ನುಗ್ಗುತ್ತವೆ. ಹಾಲು ಕಾಯಿಸುವುದಂತೂ ಬೇಡವೇ ಬೇಡ. ಅದಕ್ಕೂ ಸರಿಯಾಗಿ ಆ ಒಂದೇ ಕ್ಷಣಕ್ಕೆ ನೀವು ಬೇಕು.

ಊಟ, ನಿದ್ದೆಯ ಹೊತ್ತನ್ನು ಮಾತ್ರ ಅಲುಗಾಡಿಸಬಾರದು. ದೇಹದ ಗಡಿಯಾರ ನಡೆಯುವುದು ಬೆಳಕು, ಊಟ, ನಿದ್ದೆಯ ಲೆಕ್ಕದ ಮೇಲೆ. ವಾಟರ್‌ಗೇಟ್ ಕಾಲದಲ್ಲಿ ಅಲ್ಲಿನ ಸಾರ್ವಜನಿಕ ಟೀವಿ ಇಡೀ ದಿನದ ವಿಚಾರಣೆಯನ್ನು ಸಂಜೆ ಮತ್ತೆ ಹಾಕುತ್ತಿತ್ತು. 51 ದಿನ, ಸುಮಾರು 250 ಗಂಟೆ. ಹಗಲೆಲ್ಲ ಕೆಲಸಕ್ಕೆ ಹೋದವರಿಗೆ ಅನುಕೂಲವಾಯಿತು. ಏನಾಯಿತೆಂದು ಮೊದಲೇ ಗೊತ್ತಿದ್ದರೆ ಎದೆ ಅಷ್ಟು ಹೊಡೆದುಕೊಳ್ಳುವುದೂ ಇಲ್ಲ. ಪೂರ್ತಿ ನೋಡಲು ಹೋದರೆ ಮಾತ್ರ ನಿದ್ದೆಗೆ ಸಂಚಕಾರ.

ಅಷ್ಟೆಲ್ಲ ನೋಡಿದರೂ ತಲೆಯಲ್ಲಿ ಉಳಿಯುವುದು ಎಷ್ಟು? ಜಾನ್ ಡೀನ್ ನೆನಪು ಎಷ್ಟು ಕರಾರುವಾಕ್ಕಾಗಿತ್ತೆಂದರೆ ಅವರನ್ನು ‘ಮನುಷ್ಯ ಟೇಪ್ ರೆಕಾರ್ಡರ್’ ಎಂದೇ ಕರೆದರು. ಬಟರ್‌ಫೀಲ್ಡ್ ಬಾಯಿಬಿಟ್ಟ ಅಸಲಿ ಟೇಪುಗಳು ಹೊರಬಂದ ಮೇಲೆ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಎರಡನ್ನೂ ಹೋಲಿಸಿ 1981ರಲ್ಲಿ ಬರೆದರು. ನಿಕ್ಸನ್ ‘ಕೂತುಕೊಳ್ಳಿ’ ಎಂದರು, ‘ಒಳ್ಳೇ ಕೆಲಸ ಮಾಡಿದಿರಿ’ ಎಂದರು ಅಂತೆಲ್ಲ ಡೀನ್ ಹೇಳಿದ್ದರು. ಟೇಪಿನಲ್ಲಿ ಆ ಮಾತುಗಳೇ ಇಲ್ಲ. ಆದರೆ ಹಗರಣ ಮುಚ್ಚಿಹಾಕುತ್ತಿರುವುದು ನಿಕ್ಸನ್‌ಗೆ ಗೊತ್ತಿತ್ತು ಎಂಬ ತಿರುಳು ಮಾತ್ರ ನಿಜವಾಗಿತ್ತು. ಆ ತಿರುಳಿಗೆ ರಾತ್ರಿಯ ಅರ್ಧ ಗಂಟೆ ವಾರ್ತೆ ನನಗಂತೂ ಸಾಕು.